ಬಾಗಿಯೂ ತಿರುಗುವ ಸ್ಪ್ರಿಂಗು

ಬಚ್ಚಲಲ್ಲಿ ನೀರು ನಿಂತರೆ ನಮ್ಮ ಕೈ ಮೊದಲು ಹೋಗುವುದು ತೆಂಗಿನ ಕಡ್ಡಿಗೆ. ಅದೋ, ಮೊದಲ ತಿರುವಿನಲ್ಲೇ ಮುರಿದು ತಾನೂ ಒಂದಿಷ್ಟು ಕಸವಾಗುತ್ತದೆ. ಪ್ಲಂಬರ್ ತರುವ ಸ್ಪ್ರಿಂಗು ಹಾಗಲ್ಲ. ಉಕ್ಕಿನ ತಂತಿಯನ್ನು ಒತ್ತೊತ್ತಾಗಿ ಸುತ್ತಿರುವುದರಿಂದ ಎರಡು ಮೂರು ಎಲ್ಬೋಗಳಲ್ಲಿ ಬಳುಕಿ ಹೋಗುತ್ತದೆ. ಈಚೆ ತುದಿಯಲ್ಲಿ ಹಿಡಿಕೆ ತಿರುಗಿಸಿದರೆ ಆಚೆ ತುದಿಯೂ ತಿರುಗುತ್ತದೆ. ಬಾಗಿದ ಮೇಲೂ ತಿರುಗುವುದೇ ಅದರ ವಿದ್ಯೆ.

ಸುರುಳಿ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅದು ಗಟ್ಟಿಯಾಗುತ್ತದೆ, ವಿರುದ್ಧ ತಿರುಗಿಸಿದರೆ ಬಿಚ್ಚಿಕೊಳ್ಳತೊಡಗುತ್ತದೆ. ಮೋಟರಿನ ಸ್ಪ್ರಿಂಗಾದರೆ ಇನ್ನಷ್ಟು ಎಚ್ಚರ ಬೇಕು. ತುದಿ ಎಲ್ಲೋ ಸಿಕ್ಕಿಬಿದ್ದು ಮೋಟರು ನಿಲ್ಲದಿದ್ದರೆ ತಿರುಚು ಸುರುಳಿಯಲ್ಲೇ ಕೂಡಿಕೊಂಡು, ಹೊರಗಿನ ಭಾಗ ಹಾವಿನಂತೆ ಹೊರಳಿ ಕೈಗೆ ಸುತ್ತಿಕೊಳ್ಳುತ್ತದೆ. ಬಟ್ಟೆಯ ಕೈಗವಸನ್ನು ಅದು ಎಳೆದುಕೊಂಡೇ ಬಿಡುತ್ತದೆ, ಅದಕ್ಕೇ ಪಳಗಿದವರು ತೊಡುವುದು ಚರ್ಮದ್ದು.

ಮೋಟರಿನ ಸ್ಪ್ರಿಂಗಿಗೆ ಒಂದು ಕಥೆಯೂ ಇದೆ. 1933ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಸ್ಯಾಮ್ಯುಯೆಲ್ ಬ್ಲಾಂಕ್ ಮಗನ ಮನೆಯ ಒಳಚರಂಡಿಯಲ್ಲಿ ಮರದ ಬೇರು ಕಂಡರು. ಹಳೆಯ ಕೊಳವೆಯ ಸಂದಿನಲ್ಲಿ ತೇವ ಸಿಕ್ಕರೆ ಬೇರು ಕೂದಲೆಳೆಯಾಗಿ ನುಸುಳಿ, ಒಳಗೆ ಪೊದೆಯಾಗುತ್ತದೆ. ಬ್ಲಾಂಕ್ ಬಟ್ಟೆ ಒಗೆಯುವ ಯಂತ್ರದ ಮೋಟರು, ರೋಲರ್ ಸ್ಕೇಟಿನ ಚಕ್ರ, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಉಕ್ಕಿನ ಕೇಬಲ್ಲು ಜೋಡಿಸಿ ತುದಿಗೆ ಅಲಗು ಕಟ್ಟಿದರು. ‘ರೋಟೊ ರೂಟರ್’ ಎಂಬ ಹೆಸರಿಟ್ಟಿದ್ದು ಅವರ ಹೆಂಡತಿ.

ಬೇರಿಗೆ, ಕೂದಲಿಗೆ ಸ್ಪ್ರಿಂಗು ಸರಿ. ಜಿಡ್ಡಿಗೆ ಮಾತ್ರ ಅದನ್ನು ನಂಬಬೇಡಿ. ಬೆಣ್ಣೆಮುದ್ದೆಗೆ ಬೆರಳು ತೂರಿಸಿದಂತೆ ಒಂದು ತೂತು ಬೀಳುತ್ತದೆ, ನೀರು ಗಳಗಳ ಇಳಿಯುತ್ತದೆ, ದುಡ್ಡೂ ಕೊಟ್ಟಾಗುತ್ತದೆ. ಕೆಲವೇ ದಿನಗಳಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವಾಗ ಮಾಗಿಯ ಬೆಳಗಿನ ಸಿಂಕಿನ ಪೈಪನ್ನು ಕೇಳಬೇಕೆ! ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸಾಬೂನು ಸೇರಿ ಕರಗದ ಕಿಟ್ಟವಾಗುತ್ತದೆ, ಅದೂ ಗೋಡೆಗೆ ಅಂಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಕೊಬ್ಬು, ಒದ್ದೆ ವೈಪ್ಸ್‌ಗಳ ಗಡ್ಡೆ 250 ಮೀಟರ್ ಉದ್ದವಿತ್ತು, 130 ಟನ್ ತೂಗಿತ್ತು.

ಇಂಥದ್ದಕ್ಕೆ ನೀರನ್ನು ರಭಸದಿಂದ ಚಿಮ್ಮಿಸುವ ಜೆಟ್ಟಿಂಗ್ ಯಂತ್ರ. ಅದರ ಮೂತಿಯಲ್ಲಿ ತೂತುಗಳು ಬಹುಪಾಲು ಹಿಂದಕ್ಕೆ ಮುಖ ಮಾಡಿರುತ್ತವೆ. ಹಿಂದಕ್ಕೆ ಚಿಮ್ಮುವ ನೀರು ದೀಪಾವಳಿಯ ರಾಕೆಟ್ಟಿನಂತೆ ಕೊಳವೆಯೊಳಗೆ ಮೂತಿಯನ್ನು ಮುಂದೆ ತಳ್ಳುತ್ತದೆ. ವಾಪಸ್ ಎಳೆಯುವಾಗ ಗೋಡೆಯ ಜಿಡ್ಡನ್ನು ಗುಡಿಸಿ ತರುತ್ತದೆ.

ಬಾಣಲೆಯ ಎಣ್ಣೆಯನ್ನು ಹಳೆ ಪೇಪರಿನಲ್ಲಿ ಒರೆಸಿ ತೊಳೆದರೆ ಈ ಯಂತ್ರ ಕರೆಸುವ ಸಂದರ್ಭವೇ ಅಪರೂಪ. ಇನ್ನು ಪೈಪು ಕಟ್ಟಿದಾಗ ಸುರಿಯುವ ಅಂಗಡಿಯ ಪುಡಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ. ಜಿಡ್ಡನ್ನು ಸಾಬೂನಾಗಿಸುವುದು ನಿಜ, ಚರ್ಮವನ್ನು ಸುಡುವುದೂ ನಿಜ. ಅದನ್ನು ಹಾಕಿಯೂ ನೀರು ಇಳಿಯದಿದ್ದರೆ ಪ್ಲಂಬರ್‌ಗೆ ಬಾಗಿಲಲ್ಲೇ ಹೇಳಿಬಿಡಿ. ಸ್ಪ್ರಿಂಗು ತಿರುಗುತ್ತಾ ಹೊರಬರುವಾಗ ಆ ನೀರು ಎರಚುವುದು ಅವರ ಮುಖಕ್ಕೆ.