ಗರಗಸದಿಂದ ಶುರುವಾದ ಓದು

ರ, ಗ, ಸ, ದ, ಅ. ವರ್ಣಮಾಲೆಯಲ್ಲಿ ಈ ಐದು ಅಕ್ಷರಗಳು ಅಕ್ಕಪಕ್ಕ ಕೂತಿಲ್ಲ. ಆದರೆ ನಮ್ಮ ಸರ್ಕಾರಿ ಕನ್ನಡ ಶಾಲೆಯ ನಲಿ ಕಲಿ ತರಗತಿಗೆ ಬಂದ ಮಗುವಿಗೆ ಮೊದಲು ಪರಿಚಯವಾಗುವುದು ಇವೇ. ಜೋಡಿಸಿ ನೋಡಿ: ಸರ, ದರ, ಅರಸ, ಅಗಸ, ಗರಗಸ. ‘ಅ ಆ ಇ ಈ’ಯಿಂದ ಹಿಡಿದು 49 ಅಕ್ಷರಗಳನ್ನು ಬಾಯಿಪಾಠ ಮಾಡಿ, ಆಮೇಲೆ ಪದಕ್ಕೆ ಬರೋಣ ಎಂದು ಇಲ್ಲಿ ಕಾಯುವುದಿಲ್ಲ. ಐದು ಅಕ್ಷರ ಕೈಗೆ ಸಿಕ್ಕರೆ ಸಾಕು, ಬಡಗಿಯ ಗರಗಸ ಕಣ್ಣ ಮುಂದೆ ಬರುತ್ತದೆ. ಓದು ಎಂದರೆ ಅರ್ಥ ಎಂಬುದು ಮಗುವಿಗೆ ಮೊದಲ ದಿನಗಳಲ್ಲೇ ತಿಳಿಯುತ್ತದೆ.

ಈ ಸಣ್ಣ ಬದಲಾವಣೆ ತರಗತಿಯವರೆಗೆ ಬರಲು ಬಹಳ ವರ್ಷ ಹಿಡಿಯಿತು.

ಮರಳು, ಬಳಪ, ಪುಸ್ತಕ

ಕೂಲಿಮಠದ ಕಾಲದಲ್ಲಿ ಮಕ್ಕಳ ಬೆರಳು ಓಡಾಡುತ್ತಿದ್ದದ್ದು ಮರಳಿನ ಮೇಲೆ. ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಅಮರಕೋಶ ಉರು ಹೊಡೆಯುವುದು ಅಲ್ಲಿನ ವಿದ್ಯೆ. ಮಗುವಿಗೆಂದೇ ಬರೆದ ಪುಸ್ತಕ ಎಂಬುದು ಇರಲಿಲ್ಲ. ಅಚ್ಚಾದ ಪಠ್ಯಪುಸ್ತಕ ಬಂದ ಮೇಲೂ ಅದು ಎಲ್ಲರಿಗೂ ಒಂದೇ, ಎಲ್ಲರಿಗೂ ಅದೇ ಪುಟ.

ಆ ಬಿಗಿಯನ್ನು ಸಡಿಲಿಸಲು ಹೊರಟವರು ಕರಾವಳಿಯವರು. ಶಾಲಾ ಇನ್ಸ್‌ಪೆಕ್ಟರಾಗಿ ತರಗತಿಗಳನ್ನು ಹತ್ತಿರದಿಂದ ಕಂಡಿದ್ದ ಪಂಜೆ ಮಂಗೇಶರಾಯರು ಮಕ್ಕಳ ನಾಲಿಗೆಗೆ ಒಗ್ಗುವ ಪದ್ಯ, ಕತೆಗಳನ್ನು ಬರೆದರು, ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನು ಸಂಪಾದಿಸಿದರು. 1930ರ ದಶಕದಲ್ಲಿ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳಲ್ಲಿ ಆಕಾಶ, ಭೂಮಿ, ಜೀವಜಗತ್ತನ್ನು ಕನ್ನಡದ ಮಕ್ಕಳ ಮುಂದಿಟ್ಟರು. ಮಗುವಿಗೆ ಪಠ್ಯದ ಆಚೆಗೂ ಓದಬೇಕಾದ್ದಿದೆ ಎಂಬ ಮಾತು ಹೀಗೆ ನೆಲೆಯೂರಿತು. ಆದರೆ ಆ ಪುಸ್ತಕಗಳು ಓದು ಬಲ್ಲ ಮಕ್ಕಳಿಗೆ. ಓದನ್ನು ಈಗಷ್ಟೇ ಹಿಡಿಯುತ್ತಿರುವ ಆರು ವರ್ಷದ ಮಗುವಿಗೆ, ಅದರಲ್ಲೂ ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಮಗುವಿಗೆ, ಏನು ಕೊಡಬೇಕು? ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಕಬಿನಿಯ ದಡದಲ್ಲಿ.

ಕಾಡಂಚಿನ ತಾಲ್ಲೂಕು

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ನಾಗರಹೊಳೆ ಕಾಡಿಗೆ ಅಂಟಿಕೊಂಡ ತಾಲ್ಲೂಕು. ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿರುವ ಜಾಗ. ಇಂಥ ಕಡೆ ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದೇ ಕೋಣೆಯಲ್ಲಿ ಮೂರ್ನಾಲ್ಕು ತರಗತಿಯ ಮಕ್ಕಳು. ಅಪ್ಪ ಅಮ್ಮ ಕೂಲಿಗೆಂದು ಕೊಡಗಿನ ಕಾಫಿ ತೋಟಕ್ಕೆ ಹೋದರೆ ಮಗುವೂ ಹಿಂದೆಯೇ ಹೋಗುತ್ತದೆ. ತಿಂಗಳ ನಂತರ ಬಂದು ಕೂತರೆ ಪುಸ್ತಕದ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಒಂದು ತಿಂಗಳ ಗೈರುಹಾಜರಿ ಕೊನೆಗೆ ಶಾಲೆಯನ್ನೇ ಬಿಡಿಸಿಬಿಡುತ್ತದೆ.

ಇದಕ್ಕೊಂದು ದಾರಿ ಆಗಲೇ ಪಕ್ಕದ ಆಂಧ್ರಪ್ರದೇಶದಲ್ಲಿತ್ತು. ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಬಿಚ್ಚಿ ಕಾರ್ಡುಗಳಾಗಿ ಹರಡಿದ್ದರು. ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಬಂದವರು ಅಲ್ಲಿನದನ್ನು ಹಾಗೇ ನಕಲು ಮಾಡದೆ, ತಾವೇ ಕೂತು ಕನ್ನಡಕ್ಕೆ ತಕ್ಕ ಕಾರ್ಡು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಯುನಿಸೆಫ್ ನೆರವಾಯಿತು. ಅನಿತಾ ಕೌಲ್ ಅವರಂಥ ಅಧಿಕಾರಿಗಳು ಬೆನ್ನಿಗೆ ನಿಂತರು. 1995ರಲ್ಲಿ ಹೀಗೆ ಶುರುವಾದದ್ದು ನಲಿ ಕಲಿ.

ಏಣಿ, ತಟ್ಟೆ, ಚಪ್ಪರ

ಈ ತರಗತಿಯಲ್ಲಿ ಬೆಂಚು ಸಾಲಿಲ್ಲ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಬೆರೆತು, ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗುಂಪಿಗೊಂದು ತಟ್ಟೆ. ಒಂದು ಗುಂಪಿನಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅಷ್ಟಿಷ್ಟು ಸಹಾಯ, ಮತ್ತೊಂದರಲ್ಲಿ ಗೆಳೆಯರೇ ಗುರುಗಳು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಅದೇ ಗುರುತಿನ ಕಾರ್ಡನ್ನು ಮಗು ಹುಡುಕಿ ತರುತ್ತದೆ. ಅಕ್ಷರ ಬಾರದ ಮಗುವೂ ತನ್ನ ಪಾಠವನ್ನು ತಾನೇ ಆರಿಸಿಕೊಳ್ಳುವುದು ಹೀಗೆ.

ಒಂದು ಕಾರ್ಡು ಹಾಡು, ಒಂದು ಕತೆ, ಒಂದು ಪದದಾಟ, ಒಂದು ಓದುವ ಅಭ್ಯಾಸ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳ ಎತ್ತರಕ್ಕೇ ಹಲಗೆ. ತಲೆಯ ಮೇಲೆ ಹಗ್ಗ ಎಳೆದು ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರ, ಪದಗಳ ತೋರಣ.

ಈ ಎಲ್ಲದರ ಜೀವಾಳ ಒಂದೇ: ಕಾರ್ಡು ಮಗುವಿಗಾಗಿ ಕಾಯುತ್ತದೆ. ಪುಸ್ತಕದ ಪಾಠ ಇಡೀ ತರಗತಿಯೊಂದಿಗೆ ಓಡುತ್ತದೆ. ಏಣಿಯಾದರೋ ಕಾಫಿ ತೋಟದಿಂದ ಮರಳಿದ ಮಗುವಿಗಾಗಿ ಅದು ಇಳಿದುಹೋದ ಮೆಟ್ಟಿಲಲ್ಲೇ ಕಾದಿರುತ್ತದೆ. ‘ನೀನು ಹಿಂದೆ ಬಿದ್ದೆ’ ಎಂದು ಯಾರೂ ಹೇಳಬೇಕಾಗಿಲ್ಲ.

ರಾಜ್ಯವಿಡೀ ಹಬ್ಬಿದ ಮೇಲೆ

ಜನಶಾಲೆ ಮುಂತಾದ ಯೋಜನೆಗಳ ಮೂಲಕ ಬೇರೆ ತಾಲ್ಲೂಕುಗಳಿಗೆ ಹಬ್ಬಿದ ನಲಿ ಕಲಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳನ್ನು ತಲುಪಿತು, ನಂತರ ಮೂರನೆಯ ತರಗತಿಯನ್ನೂ. ಒಂದು ತಾಲ್ಲೂಕಿನ ಮೇಷ್ಟ್ರುಗಳ ಕೈಬರಹ ಇಡೀ ನಾಡಿನ ಕಲಿಕೆಯ ಕ್ರಮವಾದದ್ದು ನಾವು ಹೆಮ್ಮೆಪಡಬೇಕಾದ ಸಂಗತಿ.

ಹಬ್ಬುವಾಗ ಒಂದು ನಷ್ಟವೂ ಆಯಿತು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ಅಚ್ಚಿನ ಕಾರ್ಡು ಬಂತು. ಹಾಡಿಯ ಮಗುವಿನ ಮನೆಮಾತು, ಕಲಬುರಗಿಯ ಜೋಳದ ಹೊಲ, ಕಾರವಾರದ ಮೀನಿನ ಬುಟ್ಟಿ ಅದರಲ್ಲಿ ಎಷ್ಟು ಹಿಡಿಸಲು ಸಾಧ್ಯ? ಬರೆಯುವ ಮೇಷ್ಟ್ರು ಹಂಚುವ ಮೇಷ್ಟ್ರಾದರು. ಇನ್ನೊಂದು ಕೊರತೆಯೂ ಇದೆ. ಕಾರ್ಡು ಎಷ್ಟಾದರೂ ತುಣುಕು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ‘ಆಮೇಲೇನಾಯಿತು’ ಎಂದು ಎಳೆದೊಯ್ಯುವ ಶಕ್ತಿ ಇರುವುದು ಇಡಿಯಾದ ಕತೆಪುಸ್ತಕಕ್ಕೆ. ನಾಲ್ಕನೆಯ ತರಗತಿಗೆ ಬಂದು ಪಠ್ಯಪುಸ್ತಕ ಬಿಡಿಸುವ ಮಗು ಅಷ್ಟರೊಳಗೆ ಹತ್ತಾರು ಕತೆಪುಸ್ತಕ ಮುಗಿಸಿರಬೇಕು. ಏಣಿ ಇರುವುದು ಅಟ್ಟ ಹತ್ತಲು. ಅಟ್ಟದಲ್ಲಿ ಪುಸ್ತಕವಿಲ್ಲದಿದ್ದರೆ ಹತ್ತಿ ಏನು ಫಲ?

ಅಟ್ಟದ ಪುಸ್ತಕಗಳು

ಆ ಅಟ್ಟ ತುಂಬುವ ಕೆಲಸವೂ ಕರ್ನಾಟಕದಿಂದಲೇ ನಡೆದಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ತಂದಿತು. ಪುಟಕ್ಕೊಂದೆರಡು ಸಾಲಿನ ಪುಸ್ತಕದಿಂದ ಹಿಡಿದು ಉದ್ದ ಕತೆಯವರೆಗೆ ನಾಲ್ಕು ಹಂತ. 2015ರಲ್ಲಿ ಅದೇ ಸಂಸ್ಥೆ ಆರಂಭಿಸಿದ ಸ್ಟೋರಿವೀವರ್‌ನ ಕತೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು, ತಮ್ಮ ಭಾಷೆಗೆ ತಂದುಕೊಳ್ಳಬಹುದು. ಹಂಚುವ ಮೇಷ್ಟ್ರು ಮತ್ತೆ ಬರೆಯುವ ಮೇಷ್ಟ್ರಾಗಲು ಇದೊಂದು ಬಾಗಿಲು. ಕೊರೊನಾ ಶಾಲೆಗಳಿಗೆ ಬೀಗ ಹಾಕಿಸಿದ್ದ 2020ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು.

ಆದರೂ ಪುಸ್ತಕ ಇರುವುದೇ ಬೇರೆ, ಮಗುವಿನ ಕೈಗೆ ಸಿಗುವುದೇ ಬೇರೆ. ಹರಿದುಹೋದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಎಷ್ಟೋ ಪುಸ್ತಕಗಳು ಬೀರುವಿನಲ್ಲಿ ಹೊಸದಾಗಿಯೇ ಹಳೆಯದಾಗುತ್ತವೆ. ಮಕ್ಕಳು ಓದಿ ಹರಿದ ಪುಸ್ತಕ ನಷ್ಟವಲ್ಲ, ಅದು ಖರ್ಚಾದ ಬಿತ್ತನೆ ಬೀಜ.

ಊರಿನ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿದ್ದರೆ, ಹಳೆಯ ವಿದ್ಯಾರ್ಥಿಯಾಗಿದ್ದರೆ, ಬರೀ ಅಕ್ಕಪಕ್ಕದ ಮನೆಯವರಾಗಿದ್ದರೂ ಸರಿ. ಕೊಠಡಿ ಎಷ್ಟು, ಕಾಂಪೌಂಡು ಇದೆಯೇ ಎಂದು ಕೇಳುವ ಜೊತೆಗೆ ಇನ್ನೊಂದನ್ನೂ ನೋಡಿ: ಆರು ವರ್ಷದ ಮಗು ಕೈ ಚಾಚಿದರೆ ಎಟಕುವ ಎತ್ತರದಲ್ಲಿ ಕತೆಪುಸ್ತಕ ಇದೆಯೇ? ಇಲ್ಲವಾದರೆ ಮೇಷ್ಟ್ರನ್ನು ಕೇಳಿ, ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿ, ಹತ್ತು ಪುಸ್ತಕ ತೂಗುಹಾಕಿ ಬನ್ನಿ. ಗರಗಸ ಓದಿದ ಮಗು ಉಳಿದದ್ದನ್ನು ತಾನೇ ಓದಿಕೊಳ್ಳುತ್ತದೆ.