ನಿಮಗಿದು ಗೊತ್ತೆ? ಅಜ್ಜಿಯ ನೆನಪಿಗೂ ಒಂದು ಪರೀಕ್ಷೆ

ಪಿರಿಯಾಪಟ್ಟಣದ ಹಳ್ಳಿಯೊಂದರ ಅಜ್ಜಿಗೆ ಇವತ್ತಿನ ತಾರೀಖು ಕೇಳಿದರೆ ಗೊತ್ತಿಲ್ಲದಿರಬಹುದು. ಗೌರಿ ಹಬ್ಬಕ್ಕೆ ಎಷ್ಟು ದಿನ ಉಳಿಯಿತು ಎಂದರೆ ಬೆರಳೆಣಿಸಿ ಹೇಳುತ್ತಾರೆ. ಇದು ಮರೆವಿನ ಕಾಯಿಲೆಯಲ್ಲ, ಪ್ರಶ್ನೆಯ ದೋಷ.

ಮರೆವು ಅಳೆಯಲು ಜಗತ್ತಿನಾದ್ಯಂತ ಬಳಸುವ 30 ಅಂಕಗಳ ಪರೀಕ್ಷೆ ಅಮೆರಿಕದಲ್ಲಿ 1975ರಲ್ಲಿ ಬಂತು. ಅದರಲ್ಲಿ ಇವತ್ತಿನ ತಾರೀಖು ಹೇಳಬೇಕು, ಒಂದು ವಾಕ್ಯವನ್ನೂ ಬರೆಯಬೇಕು. ಶಾಲೆಯ ಮೆಟ್ಟಿಲು ಹತ್ತದವರು ಏನು ಬರೆದಾರು? ಹಾಗಾಗಿ ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು ಅದನ್ನು ಅನಕ್ಷರಸ್ಥರಿಗೆ ಹೊಂದಿಸಿದರು. ಬರೆಯುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದರು. ನೆನಪಿಡಲು ಕೊಟ್ಟ ಪದಗಳು ಮಾವು, ಕುರ್ಚಿ, ನಾಣ್ಯ. ಎಷ್ಟು ಸರಳ, ಎಷ್ಟು ಮಾನವೀಯ!

ಕನ್ನಡಕ್ಕೂ ಇಂಥ ಸಾಧನವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪರೀಕ್ಷೆಗಳನ್ನು ರೂಪಿಸಿದ ಐದು ಭಾಷೆಗಳಲ್ಲಿ ಕನ್ನಡವೂ ಒಂದು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಕಾಪಿಟ್ಟಿದ್ದ 1934ರಿಂದೀಚಿನ ಜನನ ತೂಕದ ದಾಖಲೆ ಹಿಡಿದು, ಆ ಶಿಶುಗಳನ್ನು ಇಳಿವಯಸ್ಸಿನಲ್ಲಿ ಹುಡುಕಿ ಸಂಶೋಧಕರು ಅವರ ನೆನಪಿನ ಶಕ್ತಿಯನ್ನು ಇಂಥ ಪರೀಕ್ಷೆಗಳಿಂದ ಅಳೆದದ್ದೂ ಉಂಟು.

ಅಂಕ ಕಡಿಮೆ ಬಂದರೆ ಅದೇ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿ ಮಂದವಾಗಿರುವುದು ಕೂಡ ಅಂಕ ಇಳಿಸುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಲ್ಲಿ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ದಿನಾ ನಡೆದ ದಾರಿ ತಪ್ಪುತ್ತಿದ್ದರೆ, ‘ವಯಸ್ಸಾಯ್ತು ಬಿಡಿ’ ಎನ್ನದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.