ಸಿಸ್ಟರ್ ಹೇಳಿಕೊಡುವ ಉಪ್ಪಿನ ಲೆಕ್ಕ

‘ಪಂಪಿಂಗ್ ಕಮ್ಮಿ ಇದೆ’ ಎಂದು ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಮನೆಯವರು ಹಿಡಿದು ನಿಲ್ಲಿಸುವುದು ಸಿಸ್ಟರನ್ನು. ಹಾರ್ಟ್ ನಿಂತುಹೋಗುತ್ತದಾ? ಮಾತ್ರೆ ಎಷ್ಟು ದಿನ? ಮುದ್ದೆ ಕೊಡಬಹುದಾ? ಹೃದಯ ನಿಂತಿಲ್ಲ, ರಕ್ತ ತಳ್ಳುವ ಬಲ ಕುಗ್ಗಿದೆ (ಹೃದಯ ವೈಫಲ್ಯ ಎನ್ನುವುದು ಇದನ್ನೇ), ಅದಕ್ಕೇ ಕಾಲಲ್ಲೂ ಶ್ವಾಸಕೋಶದಲ್ಲೂ ನೀರು ನಿಲ್ಲುತ್ತಿದೆ ಎಂದು ಬಿಡಿಸಿ ಹೇಳುವ ಕೆಲಸ ಹೆಚ್ಚಾಗಿ ಬೀಳುವುದು ನರ್ಸ್‌ಗಳ ಪಾಲಿಗೆ.

ಮೊದಲ ಪಾಠ ತೂಕದ್ದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನವೂ ನೋಡಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿತೆಂದರೆ ಅದು ನೀರು. ತೂಕ ಏರಿದರೆ ‘ಸುಧಾರಿಸಿಕೊಂಡರು’ ಎಂದು ಹಿಗ್ಗುವ ಮನೆಗಳೇ ನಮ್ಮಲ್ಲಿ ಜಾಸ್ತಿ. ಹಾಗಾಗಿ ಇದನ್ನು ಒಮ್ಮೆ ಹೇಳಿದರೆ ಸಾಲದು. ಹೀಗೆ ತೂಕ ಏರಿದರೂ, ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಉಸಿರಾಡಲು ಮೂರು ಕೇಳತೊಡಗಿದರೂ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು.

ಆಮೇಲೆ ಅಡುಗೆಮನೆ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಉಪ್ಪು ದಾಟಬಾರದು. ಸಾರಿಗೆ ಹಾಕಿದ್ದು ಮನೆಯವರ ಲೆಕ್ಕಕ್ಕೆ ಬರುತ್ತದೆ, ಸೇರಬೇಕಾದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾತ್ರ ಬರುವುದಿಲ್ಲ! ನೀರಿಗೆ ಮಿತಿ ಹಾಕಿದ್ದರೆ ಗಂಜಿ, ಮಜ್ಜಿಗೆ, ಕಾಫಿಯೂ ಅದರಲ್ಲೇ ಸೇರಬೇಕು. ಜಾಣತನವೆಂದು ತರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್ ಮೈಯಲ್ಲಿ ಮತ್ತೆ ನೀರು ತುಂಬಿಸಬಲ್ಲದು.

2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ನಡೆಸಿದ ನೋಂದಣಿ ಅಧ್ಯಯನದಲ್ಲಿದ್ದ 1205 ಹೃದಯ ವೈಫಲ್ಯದ ರೋಗಿಗಳ ಸರಾಸರಿ ವಯಸ್ಸು 61ರ ಆಸುಪಾಸು. ದುಡಿಮೆ ಇನ್ನೂ ಪೂರ್ತಿ ನಿಲ್ಲದ ವಯಸ್ಸು ಅದು. ಕಾಯಿಲೆಯ ಭಾರ ಮನೆಯವರ ಮೇಲೂ ಬೀಳುತ್ತದೆ. ಗಂಡನ ಉಸಿರಾಟ ಕೇಳಿಸಿಕೊಳ್ಳುತ್ತಾ ರಾತ್ರಿ ಎಚ್ಚರವಿರುವ ಹೆಂಡತಿಗೆ ಆಸ್ಪತ್ರೆಯಲ್ಲಿ ಕೇಸ್ ಶೀಟ್ ಇಲ್ಲ. ‘ನೀವು ನಿದ್ದೆ ಮಾಡಿದ್ರಾ ಅಮ್ಮಾ?’ ಎಂದು ಕೇಳುವ ಸಿಸ್ಟರ್ ಸಿಕ್ಕರೆ ಅವರ ಪುಣ್ಯ.

ಪುಣ್ಯಕ್ಕೆ ಬಿಡಬೇಕಿಲ್ಲ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಕಾದು ಕೂತ ಕುಟುಂಬಗಳನ್ನು ಕಂಡ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಯೋಜನೆಯೇ ಮುಂದೆ ‘ನೂರಾ ಹೆಲ್ತ್’ ಆಯಿತು. ರೋಗಿಯ ಮನೆಯವರಿಗೆ ನರ್ಸ್‌ಗಳೇ ತರಗತಿ ನಡೆಸುವ ಕ್ರಮ ಅದರದು. ಬೇರೆ ಕಡೆ ಈ ಪಾಠ ಹೆಚ್ಚಾಗಿ ನಡೆಯುವುದು ಡಿಸ್ಚಾರ್ಜ್ ದಿನ, ಐದು ನಿಮಿಷ, ನಿಂತುಕೊಂಡೇ. ಆ ಹೊತ್ತಿಗೆ ಮಗನ ಮನಸ್ಸು ಬಿಲ್ ಕೌಂಟರಿನಲ್ಲಿರುತ್ತದೆ, ಅಡುಗೆ ಮಾಡುವ ಸೊಸೆ ಊರಲ್ಲಿರುತ್ತಾಳೆ. ಇಂಜೆಕ್ಷನ್ನಿಗೆ, ಬಿ.ಪಿ.ಗೆ ಚಾರ್ಟಿನಲ್ಲಿ ಜಾಗವಿರುವ ಹಾಗೆ ಈ ಮಾತಿಗೂ ಒಂದು ಕಾಲಂ, ಡ್ಯೂಟಿಯಲ್ಲಿ ಅರ್ಧ ಗಂಟೆ ಸಿಗಬೇಕು. ಅದೂ ಅಡ್ಮಿಟ್ ಆದ ಎರಡನೇ ದಿನದಿಂದಲೇ, ಸೊಸೆಯನ್ನು ಕರೆಸಿಕೊಂಡು.